ತೋಳಿನ ಅಳತೆ

4 ಆಗಸ್ಟ್ 2007, ಶನಿವಾರ. ಸಿಡ್ನಿ

ಪೆನ್ರಿತ್‌ನಲ್ಲಿ ಮತ್ತೊಬ್ಬ ಎತ್ತರದ ಹುಡುಗ. ಆರಡಿ ಹನ್ನೊಂದು. ಓಟ ಪರವಾಗಿಲ್ಲ. ಕೈ ಮಾತ್ರ ಇಲ್ಲ. ಬಾಲ್ ಬಂದರೆ ಬಿಸಿ ಪಾತ್ರೆ ಮುಟ್ಟಿದ ಹಾಗೆ ಬಿಟ್ಟುಬಿಡುತ್ತಾನೆ. ಎತ್ತರವನ್ನು ಕಲಿಸಲಾಗದು ಅನ್ನುತ್ತಾರೆ. ಕೈಯನ್ನೂ ಕಲಿಸಲಾಗದು.

ಅಮೆರಿಕದಿಂದ ಕೋಚ್ ಡಾಲ್ಟನ್ ಅವರ ಇ-ಮೇಲ್. ಅವರ ಕಾಲೇಜ್ ಟೀಮಿಗೆ ಈ ವರ್ಷ ಸೆಂಟರ್ ಬೇಕೇ ಬೇಕು. ಬಾಸ್ಕೆಟ್ಟಿನ ಕೆಳಗೆ ಗೋಡೆಯಂತೆ ನಿಲ್ಲುವವನು — ಅವರ ಮಾತಿನಲ್ಲಿ ‘ಬಿಗ್ ಮ್ಯಾನ್’. ಹುಡುಕಿಕೊಟ್ಟರೆ ನನಗೆ ಅಲ್ಲೇ ಅಸಿಸ್ಟೆಂಟ್ ಕೋಚ್ ಕೆಲಸ. ಇಲ್ಲದಿದ್ದರೆ ಮುಂದಿನ ವರ್ಷ ಆಟಗಾರರನ್ನು ಹುಡುಕಲು ಬೇರೆ ಸ್ಕೌಟ್.

ವಾರವಿಡೀ ಆಫೀಸಿನ ಕಂಪ್ಯೂಟರ್ ರಿಪೇರಿ. ವೀಕೆಂಡ್ ಪರರ ಮಕ್ಕಳ ಅಳತೆ. ಹ್ಯಾರಿಸ್ ಪಾರ್ಕ್‌ನ ಮನೆಗೆ ಬಂದಾಗ ಕೃಪಾ ಬಾಗಿಲಲ್ಲೇ ಕೇಳಿದಳು, “ಸಿಕ್ಕಿದ್ನಾ?” ಶೂ ಬಿಚ್ಚಿದೆ. ಅವಳು ಮತ್ತೆ ಕೇಳಲಿಲ್ಲ.

12 ಆಗಸ್ಟ್, ಭಾನುವಾರ. ಮೆಲ್ಬರ್ನ್

ಸಿಕ್ಕಿದ.

ಬ್ರಾಡ್‌ಮೆಡೋಸ್‌ನ ಒಂದು ಹಳೆಯ ಕೋರ್ಟು. ನೋಡಲು ಹೋದದ್ದು ಬೇರೊಬ್ಬನನ್ನು. ಎದುರು ಟೀಮಿನಲ್ಲಿ ಈತ. ಆರಡಿ ಹತ್ತು, ಹದಿನೇಳು ವರ್ಷ, ಕಟ್ಟಿಗೆಯಂತೆ ತೆಳ್ಳಗೆ, ದಪ್ಪ ಗಾಜಿನ ಕನ್ನಡಕಕ್ಕೆ ರಬ್ಬರ್ ಪಟ್ಟಿ. ಇಬ್ಬರು ಮೈಮೇಲೆ ಬಿದ್ದರೂ ಗಾಬರಿಯಿಲ್ಲ. ಬಾಲನ್ನು ತಲೆಯ ಮೇಲೆ ಹಿಡಿದು ನಿಂತು, ಮೂಲೆಯಲ್ಲಿ ಖಾಲಿ ಇದ್ದ ಗೆಳೆಯನಿಗೆ ಮೆಲ್ಲಗೆ ಕಳಿಸುತ್ತಾನೆ. ಇದನ್ನು ಯಾರು ಕಲಿಸಿದರು? ಯಾರೂ ಅಲ್ಲ.

ಸ್ಕೋರ್ ಶೀಟಿನಲ್ಲಿ ಹೆಸರು ನೋಡಿದೆ. ಮನೀಷ್ ಕೋಟ್ಯಾನ್. ನಮ್ಮ ಕರಾವಳಿಯ ಹೆಸರು, ಇಲ್ಲಿ! ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸಿನ ದನಿ: “ಎಂತ ಮಾರಾಯ, ಕೈ ಎತ್ತು!”

ತಿರುಗಿ ಕನ್ನಡದಲ್ಲಿ ಮಾತಾಡಿಸಿದೆ. ತಾಯಿ. ಜಲಜಾಕ್ಷಿ. ಉಡುಪಿ ಕಡೆಯವರು. ಏರ್‌ಪೋರ್ಟಿನಲ್ಲಿ ವಿಮಾನದ ಊಟ ತಯಾರಿಸುವ ಕಿಚನ್ನಿನಲ್ಲಿ ಕೆಲಸ. “ಮೈಸೂರಿನವರಾ? ಊಟಕ್ಕೆ ಬನ್ನಿ, ಹೋಟ್ಲಲ್ಲಿ ಎಂತ ಸಿಗ್ತದೆ?”

13 ಆಗಸ್ಟ್

ಬೆಳಗಿನ ಫ್ಲೈಟ್. ನಿನ್ನೆ ರಾತ್ರಿ ಅವರ ಮನೆಯಲ್ಲಿ ಊಟ, ಬರೆಯಲು ಈಗ ಪುರುಸೊತ್ತು.

ಕ್ರೇಗಿಬರ್ನ್‌ನ ಹೊಸ ಮನೆ, ಹಿತ್ತಲಲ್ಲಿ ಇನ್ನೂ ಹುಲ್ಲು ಬಂದಿಲ್ಲ. ನೀರುದೋಸೆ, ಕೋಳಿ ಸಾರು. ತಂಗಿ ನಿಶ್ಮಿತಾ, ಹನ್ನೆರಡು ವರ್ಷ, ಆಗಲೇ ಅಮ್ಮನಿಗಿಂತ ಎತ್ತರ. ಅಣ್ಣನ ತಟ್ಟೆಯಿಂದ ಕದ್ದು ತಿನ್ನುತ್ತಿದ್ದಳು. ಮನೀಷ್‌ಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಏನು ಓದಬೇಕು ಎಂದು ಕೇಳಿದೆ. “ಎನಿಥಿಂಗ್, ಅಂಕಲ್. ಆ್ಯಸ್ ಲಾಂಗ್ ಆ್ಯಸ್ ದೇ ಲೆಟ್ ಮಿ ಪ್ಲೇ.”

ಗೋಡೆಗೆ ನಿಲ್ಲಿಸಿ ತೋಳಿನ ಅಳತೆ ತೆಗೆದೆ. ಬೆರಳ ತುದಿಯಿಂದ ಬೆರಳ ತುದಿಗೆ ಏಳಡಿ ಐದಿಂಚು. ಎತ್ತರಕ್ಕಿಂತ ಅಷ್ಟು ಹೆಚ್ಚು! ಕೋಚ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ನಕ್ಕದ್ದನ್ನು ಕೇಳಿದ್ದು ಇದೇ ಮೊದಲು.

ಗೋಡೆಯಲ್ಲಿ ತಂದೆಯ ಫೋಟೋ, ಹಾರ ಹಾಕಿದ್ದು. ಅವರೂ ಉದ್ದ. ಮಸ್ಕತ್‌ನಲ್ಲಿದ್ದಾಗ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಮೆಟ್ಟಿಲಲ್ಲೇ ಬಿದ್ದರಂತೆ. “ಹಾರ್ಟ್ ಅಂತ ಹೇಳಿದ್ರು. ಮೂವತ್ತೆಂಟು ವರ್ಷ, ಒಂದು ದಿನ ಜ್ವರ ಬಂದವರಲ್ಲ.”

19 ಆಗಸ್ಟ್, ಭಾನುವಾರ

ಕೋಚ್ ಸ್ಕಾಲರ್‌ಶಿಪ್ ಆಫರ್ ಮಾಡಿದ್ದಾರೆ. ನವೆಂಬರ್‌ನಲ್ಲಿ ಸಹಿ. ಖುಷಿಯಲ್ಲಿ ಕೃಪಾಳನ್ನು ಕೂರಿಸಿ ಮನೀಷ್‌ನ ವಿಡಿಯೋ ಹಾಕಿದೆ. ಅವಳು ಫಿಸಿಯೋಥೆರಪಿಸ್ಟ್, ಆಟ ನೋಡುವುದಿಲ್ಲ, ಮೈ ನೋಡುತ್ತಾಳೆ. ಅರ್ಧದಲ್ಲೇ, “ನಿಲ್ಸು.”

ಜರ್ಸಿ ಬದಲಿಸುವಾಗಿನ ಒಂದು ಕ್ಷಣ. ಎದೆಯ ಮಧ್ಯೆ ಗುಳಿ.

“ಬೆರಳು ಉದ್ದ ಇದ್ಯಾ?”

“ಸೆಂಟರ್ ಅಲ್ವಾ, ಇರತ್ತೆ.”

“ಕನ್ನಡಕ ಯಾಕೆ ಅಷ್ಟು ದಪ್ಪ?”

ಕಣ್ಣೊಳಗಿನ ಲೆನ್ಸ್ ಜಾಗ ಬಿಟ್ಟು ಜಾರಿದೆ, ಚಿಕ್ಕಂದಿನಿಂದ, ಅಂತ ತಾಯಿ ಹೇಳಿದ್ದರು. ಹೇಳಿದೆ. ತಂದೆಯ ವಿಷಯವನ್ನೂ ಹೇಳಿದೆ. ಹೇಳುತ್ತಾ ಹೋದ ಹಾಗೆ ನನ್ನ ದನಿಯೇ ಸಣ್ಣದಾಯಿತು.

ಮಾರ್ಫಾನ್ ಅಂತ ಒಂದು ಹುಟ್ಟುಕಾಯಿಲೆ, ವಂಶದಲ್ಲಿ ಬರುವಂಥದ್ದು. ಮೈ, ತೋಳು, ಬೆರಳು ಉದ್ದ ಬೆಳೆಯುತ್ತವೆ, ಒಳಗೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹಿಗ್ಗುತ್ತಾ ಹೋಗುತ್ತದೆ. ಒಂದು ದಿನ ಓಡುವಾಗ ಹರಿಯಬಹುದು. “ಇರ್ಲೇಬೇಕು ಅಂತಿಲ್ಲ ಅಜಯ್,” ಅಂದಳು ಕೃಪಾ. “ಆದ್ರೆ ಒಂದ್ ಎಕೋ ಟೆಸ್ಟ್ ಆಗ್ಲೇಬೇಕು.”

ನಾನು ಬಹುಮಾನದಂತೆ ಫೋನಿನಲ್ಲಿ ಹೇಳಿದ ಆ ಏಳಡಿ ಐದಿಂಚು.

20 ಆಗಸ್ಟ್

ಕೋಚ್‌ಗೆ ಫೋನ್. ಎಲ್ಲ ಕೇಳಿಸಿಕೊಂಡರು. ನಮ್ಮ ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು ನೋಡುತ್ತಾರೆ, ಅಷ್ಟು ಸಾಕು ಎಂದರು. ನೀನು ಡಾಕ್ಟರಲ್ಲ, ಸ್ಕೌಟ್ ಎಂದರು. ಆ ಟೆಸ್ಟ್ ಮಾಡಿಸಿದರೆ ನೀನು ಆಟಗಾರನನ್ನೂ ಕಳೆದುಕೊಳ್ಳುತ್ತೀಯ, ಕೆಲಸವನ್ನೂ ಎಂದರು.

ಬಯ್ದಿದ್ದರೆ ಚೆನ್ನಾಗಿತ್ತು. ತುಂಬ ಮೃದುವಾಗಿ ಹೇಳಿದರು.

ಜಲಜಾಕ್ಷಿ ಅವರಿಗೆ ಫೋನ್ ಮಾಡಿದೆ.

“ನನ್ನ ಮಗನಿಗೆ ಕಾಯಿಲೆ ಉಂಟು ಅಂತ ಹೇಳ್ಲಿಕ್ಕೆ ನೀವು ಯಾರು? ನಮ್ಮ ಮನೇಲಿ ಉಂಡು ಹೋದವರು ನೀವು!”

“ಅದಕ್ಕೇ ಹೇಳ್ತಿದೀನಿ ಅಮ್ಮಾ. ಒಂದೇ ಒಂದು ಟೆಸ್ಟ್...”

“ಅವನಿಗೆ ಬಾಲ್ ಬಿಟ್ರೆ ಬೇರೆ ಎಂತ ಉಂಟು? ಶಾಲೆಯಲ್ಲಿ ಕೊಕ್ಕರೆ ಅಂತ ಕರೀತಿದ್ರು. ಈಗ ನಾಲ್ಕು ಜನ ಹೆಸರು ಹಿಡಿದು ಕರೀತಾರೆ. ಅದನ್ನೂ ತೆಗೀತೀರಾ?”

ಫೋನ್ ಇಟ್ಟುಬಿಟ್ಟರು.

7 ಅಕ್ಟೋಬರ್, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಜಲಜಾಕ್ಷಿ ಫೋನ್ ಎತ್ತುತ್ತಿಲ್ಲ. ಡಾಲ್ಟನ್ ಬೇರೆ ಸ್ಕೌಟ್ ನೇಮಿಸಿದ್ದಾರೆ, ಪತ್ರದಲ್ಲಿ ಥ್ಯಾಂಕ್ಸ್ ಹೇಳಿದ್ದಾರೆ. ಆ ಸ್ಕೌಟ್ ಮನೀಷ್‌ನ ಆಟ ಎರಡು ಸಲ ನೋಡಿ ಬಂದನಂತೆ.

ಕೃಪಾ ಟಿಕೆಟ್ ಬುಕ್ ಮಾಡಿ ಪ್ರಿಂಟ್ ನನ್ನ ಮುಂದಿಟ್ಟಳು. “ಹೋಗಿ ಹುಡುಗನ ಹತ್ರಾನೇ ಮಾತಾಡು.”

13 ಅಕ್ಟೋಬರ್. ಮೆಲ್ಬರ್ನ್

ಮನೀಷ್ ಪ್ರಾಕ್ಟೀಸ್ ಮುಗಿಸಿ ಬೆಂಚಿನಲ್ಲಿ ಕೂತಿದ್ದ. ಅಮ್ಮ ಅವನಿಗೆ ಏನೂ ಹೇಳಿರಲಿಲ್ಲ. ನಾನೇ ಹೇಳಿದೆ. ಸುತ್ತುಬಳಸಲು ಬರಲಿಲ್ಲ. ಕೇಳುತ್ತಾ ಶೂ ಲೇಸನ್ನು ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ.

“ಡ್ಯಾಡ್ ಹ್ಯಾಡ್ ಇಟ್?”

“ಗೊತ್ತಿಲ್ಲಪ್ಪ. ಇರ್ಬಹುದು.”

ಎದೆಯ ಮೇಲೆ ಕೈಯಿಟ್ಟ. ಆಮೇಲೆ, ಮೊದಲ ಸಲ ಕನ್ನಡದಲ್ಲಿ: “ಕೆಲವು ಸಲ ಓಡುವಾಗ ಇಲ್ಲಿ ನೋಯ್ತದೆ. ಅಮ್ಮನಿಗೆ ಹೇಳ್ಬೇಡಿ.”

24 ಅಕ್ಟೋಬರ್

ನೋವಿನ ವಿಷಯ ಮನೀಷನೇ ಹೇಳಿದನಂತೆ, ತಾಯಿಯೇ ಟೆಸ್ಟಿಗೆ ಕರೆದುಕೊಂಡು ಹೋದರು. ಈಗ ಫೋನ್ ಮಾಡಿದರು. ರಕ್ತನಾಳ ತುಂಬಾ ಹಿಗ್ಗಿದೆ. ಆಪರೇಷನ್ ಬೇಕು, ಬೇಗ. ಇನ್ನು ಕೋರ್ಟಿಗೆ ಇಳಿಯುವ ಹಾಗಿಲ್ಲ. ಯಾವತ್ತೂ.

“ಇವನ ಅಪ್ಪನಿಗೂ ಇದೇ ಇದ್ದದ್ದಂತೆ, ಡಾಕ್ಟ್ರು ಹೇಳಿದ್ರು. ಉಪ್ಪು ಜಾಸ್ತಿ ಹಾಕಿ ನಾನೇ ಕೊಂದೆ ಅಂತ ನನ್ನ ಅತ್ತೆ ಹೇಳ್ತಿದ್ರು. ನಾನೂ ಹಾಗೇ ಅಂತ ತಿಳ್ಕೊಂಡಿದ್ದೆ, ಇಷ್ಟು ವರ್ಷ.” ಅತ್ತರು. ಅಳು ನಿಲ್ಲುವವರೆಗೆ ನಾನು ಫೋನ್ ಇಡಲಿಲ್ಲ.

ಮನೀಷ್ ನನ್ನ ಹತ್ತಿರ ಮಾತಾಡಲು ಒಪ್ಪಲಿಲ್ಲ.

ಜೀವ ಉಳಿಯಿತಲ್ಲ ಎಂದಳು ಕೃಪಾ. ನಿಜ. ವಿಡಿಯೋ ಅಳಿಸೋಣ ಎಂದು ಹಾಕಿದೆ. ಅಳಿಸದೆ ಪೂರ್ತಿ ನೋಡಿದೆ. ಅಂಥ ಕೈ ಇನ್ನೊಮ್ಮೆ ನೋಡುವುದಿಲ್ಲ ನಾನು.

16 ನವೆಂಬರ್, ಶುಕ್ರವಾರ. ಮೆಲ್ಬರ್ನ್, ಆಸ್ಪತ್ರೆ

ಜಲಜಾಕ್ಷಿ ಬರಲು ಹೇಳಿದರು. “ಒಬ್ಳೇ ಕೂರ್ಲಿಕ್ಕೆ ಆಗುದಿಲ್ಲ.” ಇವತ್ತು ನಿಶ್ಮಿತಾಳ ಟೆಸ್ಟ್ ರಿಸಲ್ಟ್. ತಾಯಿ-ಮಗಳು ಡಾಕ್ಟರ್ ರೂಮಿನಲ್ಲಿ. ಮನೀಷ್ ನನ್ನ ಪಕ್ಕದ ಕುರ್ಚಿಯಲ್ಲಿ, ಕಾಲು ಎಲ್ಲಿಡಬೇಕೆಂದು ತಿಳಿಯದೆ. ಸೋಮವಾರ ಅವನ ಆಪರೇಷನ್.

ಬರೆಯುತ್ತಿರುವುದನ್ನು ನೋಡಿ ಕೇಳಿದ, “ಸ್ಟಿಲ್ ಸ್ಕೌಟಿಂಗ್?”

ಇಲ್ಲ ಎಂದೆ. ಬಿಟ್ಟೆ ಎಂದೆ.

“ನೀವು ಬರದಿದ್ರೆ ನಾನು ಒಂದು ಸೀಸನ್ ಆಡ್ತಿದ್ನಾ?”

ಸುಳ್ಳು ಹೇಳಬಹುದಿತ್ತು. “ಆಡ್ತಿದ್ದೆ.”

“ವುಡ್ ಐ ಹ್ಯಾವ್ ಬೀನ್ ಗುಡ್?”

“ನಾನು ನೋಡಿದವರಲ್ಲೆಲ್ಲ ನೀನೇ.”

ಮುಖ ತಿರುಗಿಸಿ ಕಿಟಕಿ ನೋಡಿದ. ಭುಜ ಅಲುಗುತ್ತಿತ್ತು. ಕೈ ಇಡಲೋ ಬೇಡವೋ ಎಂದು ಯೋಚಿಸುತ್ತಲೇ ಇದ್ದೆ.

ಬಾಗಿಲು ತೆರೆಯಿತು. ಜಲಜಾಕ್ಷಿ ಒಬ್ಬರೇ ಹೊರಗೆ. “ಇವಳಿಗೂ ಉಂಟು,” ಅಂದರು. ಅಷ್ಟೇ. ಮನೀಷ್ ಎದ್ದ, ತಲೆ ಬಗ್ಗಿಸಿ ಬಾಗಿಲು ದಾಟಿ ತಂಗಿಯ ಹತ್ತಿರ ಹೋದ. ಜಲಜಾಕ್ಷಿ ಅಲ್ಲೇ ನಿಂತಿದ್ದಾರೆ, ಗೋಡೆ ಹಿಡಿದು. ಬರೆದದ್ದು ಸಾಕು, ನಾನು ಎದ್ದು ಹೋಗಿ ಅವರನ್ನು ಕುರ್ಚಿಗೆ ಕರೆತರಬೇಕು.