ಮೂಲೆ ಮುರಿದ ಹಲ್ಲು

೧೪ನೇ ತಾರೀಖು, ಗುರುವಾರ
ಕೆಲಸದ ಮೇಜಿನಿಂದ

ಪ್ರೀತಿಯ ಅಳಿಲು,

ಹೇಗಿದ್ದೀಯ? ಮೂವತ್ತೆಂಟು ವರ್ಷ ಸುಮ್ಮನಿದ್ದವಳು ತಡವಾಯಿತು, ಕ್ಷಮಿಸು ಎಂದರೆ ನಿನಗೆ ನಗು ಬಂದೀತು. ನಕ್ಕುಬಿಡು. ಒಂದು ವೇಳೆ ಶಾಲೆಯಲ್ಲಿ ನಿಮ್ಮನ್ನು ಯಾರೂ ಅಳಿಲು ಎಂದು ಕರೆದಿರದಿದ್ದರೆ, ದಯವಿಟ್ಟು ಈ ಕಾಗದವನ್ನು ಮಡಚಿ ಕೌಂಟರಿನ ಹುಡುಗಿಗೆ ವಾಪಸ್ ಕೊಟ್ಟುಬಿಡಿ, ತಾಯಿ. ತಪ್ಪು ನನ್ನದು.

ನಾನು ಈ ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಮಾಡುತ್ತೇನೆ. ಇಪ್ಪತ್ತಾರು ವರ್ಷವಾಯಿತು. ನಮಗೆ ಮುಖಗಳು ಕಾಣುವುದಿಲ್ಲ. ಪ್ಲಾಸ್ಟರಿನ ಅಚ್ಚು, ಜೊತೆಗೆ ನಂಬರಿನ ಚೀಟಿ, ಅಷ್ಟೇ. ಊರಿನ ಎಷ್ಟೋ ಜನ ನಾನು ಮಾಡಿದ ಹಲ್ಲಿನಲ್ಲಿ ಊಟ ಮಾಡುತ್ತಾರೆ. ಎದುರು ಸಿಕ್ಕರೆ ಒಬ್ಬರಿಗೂ ನನ್ನ ಗುರುತಿಲ್ಲ.

ಸೋಮವಾರ ನಿನ್ನ ಅಚ್ಚು ಬಂತು. ಪಕ್ಕದ ಮೇಜಿನಲ್ಲಿ ಸೆಟ್ಟಿಗೆ ಹೊಳಪು ಕೊಡುವ ಹಿರಿಯರಿದ್ದಾರೆ, ನಾವೆಲ್ಲ ಪಾಲಿಶ್ ಮಾವ ಎನ್ನುತ್ತೇವೆ. ಅವರು ನೋಡಿದವರೇ, "ಅಯ್ಯೋ, ಮುಂದಿನ ಹಲ್ಲಿನ ಮೂಲೆ ಹಾರಿಹೋಗಿದೆ ಕಣಮ್ಮ. ಅಚ್ಚು ಬಿಡಿಸೋವಾಗ ಮುರಿದಿರ್ಬೇಕು" ಎಂದು ಚಿಟಿಕೆ ಪ್ಲಾಸ್ಟರ್ ಕಲಸಿ ಮೂಲೆಯನ್ನು ತುಂಬಿಯೇಬಿಟ್ಟರು. ನಾನು ಚಾಕು ತೆಗೆದುಕೊಂಡು ಕೆರೆಯತೊಡಗಿದೆ.

"ಬೇಡ ಮಾವ, ಅದು ಇರೋದೇ ಹಾಗೆ."

"ನಿಂಗೆ ಹೇಗೆ ಗೊತ್ತು?"

ಆಗ ನನ್ನ ಕೈ ನಿಂತಿತು. ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಹೆಗಲೇರಿ ಕೂತಿರುವುದನ್ನು ಆಗಲೇ ನೋಡಿದ್ದು. ಪರೀಕ್ಷೆಯ ದಿನ ತುಕ್ಕು ಹಿಡಿದ ನನ್ನ ಜಾಮಿಟ್ರಿ ಬಾಕ್ಸನ್ನು ಹಲ್ಲಿನಲ್ಲಿ ಕಚ್ಚಿ ತೆಗೆದುಕೊಟ್ಟವಳು ನೀನು. ಹಲ್ಲಿನ ಚೂರು ಡೆಸ್ಕಿನ ಮೇಲೆ ಬಿದ್ದರೂ, "ಮೊದ್ಲು ಬರಿ, ಆಮೇಲೆ ಅಳು" ಎಂದು ನನ್ನನ್ನೇ ಗದರಿದ್ದೆ. ಅದನ್ನು ಇನ್ನೂ ಸರಿಮಾಡಿಸಿಕೊಂಡಿಲ್ಲವಲ್ಲ ಮಾರಾಯ್ತಿ! ದವಡೆ ಹಲ್ಲುಗಳೆಲ್ಲ ಎಲ್ಲಿ ಹೋದವು?

ಕೌಂಟರಿನ ಹುಡುಗಿಯ ಹತ್ತಿರ ನಿನ್ನ ವಿಳಾಸ ಕೇಳಿದೆ. "ಅದೆಲ್ಲ ಕೊಡೋ ಹಾಗಿಲ್ಲ ಆಂಟಿ. ಕಾಗದ ಬರ್ಕೊಡಿ. ಅಳತೆಗೆ ಮೇಣದ ಸೆಟ್ಟು ಹಾಕಿ ನೋಡೋಕೆ ಶನಿವಾರ ಬರ್ತಾರೆ, ಆಗ ಕೊಡ್ತೀನಿ" ಎಂದಳು. ಹೇಗಿದ್ದಾರೆ ಎಂದು ಕೇಳಿದರೆ, "ಬಾಯ್ತುಂಬ ಅಚ್ಚಿನ ಪೇಸ್ಟ್ ಇದ್ರೂ ಮಾತು ನಿಲ್ಸಲ್ಲ" ಎಂದು ನಕ್ಕಳು. ನೀನೇ ಎಂದು ಖಾತ್ರಿಯಾಯಿತು.

ನನ್ನ ಸುದ್ದಿ ಹೆಚ್ಚೇನಿಲ್ಲ. ಯಜಮಾನರು ಕೆಲಸ ಬಿಟ್ಟ ಮೇಲೆ ಟಿವಿಯ ಜೊತೆ ಮಾತ್ರ ಮಾತಾಡುತ್ತಾರೆ. ನನಗೆ ಬೆಳಿಗ್ಗೆ ಏಳುವಾಗಲೇ ಸುಸ್ತು ಕಣೇ, ದಿನ ಶುರುವಾಗುವ ಮೊದಲೇ ಮುಗಿದರೆ ಸಾಕು ಅನ್ನಿಸುತ್ತದೆ. ಹೋದ ವಾರ ಮಗಳು ಫೋನಿನಲ್ಲಿ, "ಅಮ್ಮಾ, ನಿಂಗೆ ಫ್ರೆಂಡ್ಸ್ ಅಂತ ಯಾರೂ ಇರ್ಲೇ ಇಲ್ವಾ?" ಎಂದಳು. ಒಬ್ಬಳಿದ್ದಳು ಎಂದೆ. ಅವರು ಏನಾದರು ಎಂದು ಕೇಳಿದ್ದಕ್ಕೆ, ಮನೆ ಬದಲಾಯಿಸಿದೆವು, ಮದುವೆ, ಕೆಲಸ, ಹೀಗೇ ಸಂಪರ್ಕ ತಪ್ಪಿಹೋಯಿತು ಎಂದೆ.

ಮಂಗಳವಾರ ನಿನಗೆ ಸೆಟ್ಟು ಕೊಡುತ್ತಾರೆ. ನೀನು ಕೂರುವ ಕುರ್ಚಿಗೂ ನನ್ನ ಮೇಜಿಗೂ ನಡುವೆ ಒಂದೇ ಒಂದು ಬಾಗಿಲು. ನನ್ನನ್ನು ನೋಡಬೇಕೆನಿಸಿದರೆ ಆ ಹುಡುಗಿಗೆ ಒಂದು ಮಾತು ಹೇಳು, ಹೊರಗೆ ಬರುತ್ತೇನೆ. ಬೇಡವೆನಿಸಿದರೆ ಏನೂ ಹೇಳಬೇಡ, ಒಳಗೇ ಇರುತ್ತೇನೆ. ಹೇಗಿದ್ದರೂ ಸೆಟ್ಟು ಎಲ್ಲೂ ಒತ್ತದ ಹಾಗೆ ಮಾಡಿಕೊಡುತ್ತೇನೆ, ಅದರ ಚಿಂತೆ ಬೇಡ.

ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ. ಬೇಕಾದ್ದನ್ನೆಲ್ಲ ಕಟುಂ ಎಂದು ಕಡಿದು ತಿನ್ನುವಂತಾಗಲಿ.

ನೀನೇ ಹೆಸರಿಟ್ಟ
ಗೂಬೆ

ವಿ.ಸೂ.: ಮಗಳಿಗೆ ಹೇಳಿದ್ದು ಸುಳ್ಳು. ನಿಮ್ಮಮ್ಮ ತೀರಿಕೊಂಡ ದಿನ ನಾನು ನಿಮ್ಮ ಬೀದಿಯ ತಿರುವಿನವರೆಗೂ ಬಂದಿದ್ದೆ. ನೀನು ಮೆಟ್ಟಿಲ ಮೇಲೆ ಕೂತು ದಾರಿ ನೋಡುತ್ತಿದ್ದೆ. ಏನು ಮಾತಾಡಬೇಕೋ ತಿಳಿಯದೆ ಹಾಗೇ ತಿರುಗಿ ಮನೆಗೆ ಹೋದೆ. ನಾಳೆ ಹೋದರಾಯಿತು ಎಂದುಕೊಂಡೆ. ಮರುದಿನ ನಾಚಿಕೆಯಾಯಿತು, ವಾರ ಕಳೆದ ಮೇಲೆ ಇನ್ನೂ ಹೆಚ್ಚು. ನೀನು ಶಾಲೆಗೆ ಮರಳಿದಾಗ ಬೇರೆ ಬೆಂಚಿಗೆ ಹೋಗಿ ಕೂತವಳು ನಾನೇ. ಅವತ್ತು ಬೀದಿಯ ತಿರುವಿನಲ್ಲಿ ನಾನು ಬೆನ್ನು ತಿರುಗಿಸುವಾಗ ನೀನು ಮೆಟ್ಟಿಲಿನಿಂದ ಎದ್ದೆ. ಒಳಗೆ ಹೋಗಲು ಎದ್ದೆಯೋ, ನನ್ನನ್ನು ನೋಡಿ ಎದ್ದೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ.