ಏಳನೇ ನಂಬರಿನ ಮನೆ

ಮಾರ್ಚ್ 3, ಸೋಮವಾರ. ಬೆಳಗ್ಗೆ 5.20

ನಲ್ಲಿಯ ಸಾಲಿನಲ್ಲಿ ಒಂಬತ್ತನೆಯವಳು. ಕೊಡ ಇಟ್ಟು ಗೋಡೆಗೊರಗಿ ಬರೆಯುತ್ತಿದ್ದೇನೆ. ಶನಿವಾರ ನನ್ನ ಮೆಷಿನ್ನಿನಲ್ಲಿ ಆರು ಸಲ ನೂಲು ಹರಿಯಿತು. ಆರು ಸಲವೂ ಮೇಸ್ತ್ರಿ ನನ್ನ ಕಡೆಗೇ ನೋಡಿದ — ನಾನೇ ಹಲ್ಲಿನಿಂದ ಕಚ್ಚಿ ತುಂಡು ಮಾಡಿದ ಹಾಗೆ.

ಸರ್ಕಾರದ ಸಂಬಳ ಸಮಿತಿಯವರು ಹನ್ನೆರಡು ಮನೆಗೆ ಚೀಟಿ ಎತ್ತಿದ್ದಾರೆ. ನಮ್ಮದು ಏಳು. ಮಿಲ್ಲಿನವರೂ ಹೊಲದ ಕೂಲಿಯವರೂ ಮರ್ಯಾದೆಯಿಂದ ಬದುಕಲು ಎಷ್ಟು ಸಂಬಳ ಬೇಕು ಅಂತ ಲೆಕ್ಕ ಹಾಕುತ್ತಾರಂತೆ. ನಮ್ಮಲ್ಲಿ ಎರಡೂ ಇವೆ. ನಾನು ಮಿಲ್ಲು, ಇವರು ಹೊಲ. ನಾಳೆಯಿಂದ ಮೂರು ದಿನ ಒಬ್ಬ ಮೇಡಂ ಬಂದು ಅಡುಗೆಗೆ ಮುಂಚೆ ಎಲ್ಲ ಸಾಮಾನು ತೂಗುತ್ತಾರೆ.

ಅತ್ತೆಗೆ ಹೇಳಿದೆ.

“ತಿನ್ನೋದನ್ನ ತೂಗ್ತಾರಾ? ನಮ್ಮನ್ನೇ ತೂಗಿದ್ರೆ ಬೇಗ ಮುಗೀತಿತ್ತಲ್ಲ!”

ಮಾರ್ಚ್ 4, ಮಂಗಳವಾರ. ಊಟದ ಬಿಡುವು

ಮೇಡಂ ಬರುವ ಮುಂಚೆ ಅತ್ತೆ ಪಕ್ಕದ ಮನೆಗೆ ಹೋಗಿ ಬಂದರು. ಸೆರಗಿನಡಿ ನಾಲ್ಕು ಮೊಟ್ಟೆ, ಅರ್ಧ ಲೀಟರ್ ಹಾಲು. ಕನ್ನಡಕದಕ್ಕನ ಮನೆಯದು. ಅವಳೂ ನಮ್ಮ ಮಿಲ್ಲೇ, ಪ್ಯಾಕಿಂಗ್. ನಾನು ಬಾಯಿ ತೆರೆದೆ.

“ಸುಮ್ನಿರು. ಬಂದವರ ಮುಂದೆ ಖಾಲಿ ಡಬ್ಬ ತೋರಿಸ್ಲಾ?”

ಮೇಡಂ ಚಿಕ್ಕ ವಯಸ್ಸು. ನೆಲದ ಮೇಲೇ ಕೂತರು. ಅಕ್ಕಿ, ಬೇಳೆ, ಮೊಟ್ಟೆ, ಹಾಲು — ಎಲ್ಲ ತೂಗಿ ಬರೆದುಕೊಂಡರು.

“ಇದೆಲ್ಲ ದಿನಾ ಇರುತ್ತಾ ಅಜ್ಜಿ?”

“ಮತ್ತೆ? ನಮ್ಮನೇಲೇನು ಬರಗಾಲನಾ?”

ವರ್ಷಕ್ಕೆ ಎಷ್ಟು ಜೊತೆ ಚಪ್ಪಲಿ? ಡಾಕ್ಟರ ಹತ್ತಿರ ಕೊನೆಗೆ ಹೋಗಿದ್ದು ಯಾವಾಗ? ಕೋಣೆಗೆ ಕಿಟಕಿ ಇದೆಯಾ? ಎಲ್ಲದಕ್ಕೂ ಅತ್ತೆಯ ಉತ್ತರ ತಯಾರು. ಕಡೆಗೆ ಮೇಡಂ ನನ್ನ ಕಡೆ ತಿರುಗಿದರು.

“ಈಗಿನ ಸಂಬಳ ಸಾಕಾಗುತ್ತಾ ಅಕ್ಕ?”

ಅತ್ತೆಯ ಕಣ್ಣು ನನ್ನ ಕತ್ತಿನ ಹಿಂದೆ ಚುಚ್ಚುತ್ತಿತ್ತು.

ಸಾಕು ಅಂದೆ. ಸಹಿ ಹಾಕಿದೆ.

ಮಾರ್ಚ್ 6, ಗುರುವಾರ

ಮೂರನೇ ದಿನವೂ ಮುಗಿಯಿತು. ಮೇಡಂ ತಕ್ಕಡಿ ಚೀಲಕ್ಕೆ ಹಾಕುವಾಗ ಮಗಳು ಪುಟ್ಟಿ ಕೇಳಿದಳು — “ಆಂಟಿ, ನಾಳೆನೂ ಬರ್ತೀರಾ? ನೀವು ಬಂದ್ರೆ ಮೊಟ್ಟೆ ಇರುತ್ತೆ.”

ಅತ್ತೆ ಜೋರಾಗಿ ನಕ್ಕುಬಿಟ್ಟರು. ಮೇಡಂ ನಗಲಿಲ್ಲ. ಚೀಲ ಹಿಡಿದು ಒಂದು ಗಳಿಗೆ ನಿಂತರು. ನಾನೇ ಹೇಳಲಿ ಅಂತ ಕಾದರೋ ಏನೋ. ನಾನು ಪುಟ್ಟಿಯ ಜಡೆ ಬಿಚ್ಚಿ ಮತ್ತೆ ಹಾಕತೊಡಗಿದೆ.

ಏಪ್ರಿಲ್ 11, ಶುಕ್ರವಾರ

ನೋಟಿಸು ಬಂತು. ಮಿಲ್ಲಿನ ಗೇಟಿನ ಪಕ್ಕ ಅಂಟಿಸಿದ್ದಾರೆ. ಈಗಿನ ಸಂಬಳದಲ್ಲೇ ಕುಟುಂಬ ಚೆನ್ನಾಗಿ ನಡೆಯುತ್ತದೆ, ಹೆಚ್ಚಿಸುವ ಅಗತ್ಯ ಕಾಣುವುದಿಲ್ಲ. ಉದಾಹರಣೆಗೆ ಮನೆ ನಂಬರ್ ಏಳು.

ಕನ್ನಡಕದಕ್ಕನೇ ಎಲ್ಲರಿಗೂ ಓದಿ ಹೇಳುತ್ತಿದ್ದಳು. ಮೊಟ್ಟೆ, ಹಾಲು ಅನ್ನುವಲ್ಲಿಗೆ ಬಂದು ನಿಲ್ಲಿಸಿದಳು. “ಯಾರದ್ದೇ ಈ ಏಳು? ಯಾವ ಮಹಾರಾಣಿ?” ಅಂತ ಹಿಂದಿನಿಂದ ಯಾರೋ ಕೂಗಿದರು. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ನನ್ನ ಕಡೆ ನೋಡಲಿಲ್ಲ.

ಸಂಜೆ ನಲ್ಲಿ ಹತ್ತಿರ ಇಷ್ಟೇ ಅಂದಳು — “ಆ ಮೂರು ದಿನ ನಮ್ಮನೇಲಿ ಹಾಲಿರಲಿಲ್ಲ ಕಣೇ. ಅದು ಹೋಗ್ಲಿ ಬಿಡು.”

ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 14, ಸೋಮವಾರ

ಮ್ಯಾನೇಜರ್ ಕರೆಸಿದರು. ಕೂರಿಸಿದರು! ಹನ್ನೊಂದು ವರ್ಷದಲ್ಲಿ ಆ ಕುರ್ಚಿಯಲ್ಲಿ ಮೊದಲ ಸಲ. ಶನಿವಾರ ಸಭೆಯಂತೆ. ಇಷ್ಟು ಸಂಬಳದಲ್ಲಿ ಇಷ್ಟು ಚೆನ್ನಾಗಿ ಸಂಸಾರ ಹೇಗೆ ತೂಗಿಸುತ್ತೀಯ ಅಂತ ಉಳಿದ ಹೆಂಗಸರಿಗೆ ನಾನು ಹೇಳಿಕೊಡಬೇಕಂತೆ. ಬರೆದ ಕಾಗದ ಅವರೇ ಕೊಟ್ಟರು.

ಇವರಿಗೆ ಹೇಳಿದೆ.

“ಸಹಿ ಹಾಕಿದ್ದೀಯ. ಈಗ ಸುಳ್ಳು ಅಂದ್ರೆ ಕೆಲಸಕ್ಕೇ ಕುತ್ತು.”

“ಸುಮ್ನಿದ್ರೆ?”

“ಸುಮ್ನಿದ್ರೆ ಹಿಂಗೇ ಇರ್ತೀವಿ.”

ಅತ್ತೆ ಒಳಗಿನಿಂದ — “ನಾನು ಇರೋವರೆಗೂ ಈ ಮನೆ ಮಾನ ಬೀದಿಗೆ ಬರಬಾರದು.”

ಯಾವ ಕಡೆ ತಿರುಗಿದರೂ ಗೋಡೆ. ಒಂದೇ ಕೋಣೆ. ಅಳಲು ಬಚ್ಚಲಿಗೆ ಹೋಗೋಣವೆಂದರೆ ಅದಕ್ಕೂ ನಾಲ್ಕು ಮನೆಯ ಸಾಲು.

ಏಪ್ರಿಲ್ 19, ಶನಿವಾರ. ಸಂಜೆ 6



ಮೈಕ್ ಮುಂದೆ ನಿಂತು ಮೊದಲ ಸಾಲು ಓದಿದೆ. ‘ಸೋದರಿಯರೇ, ಮಿತವ್ಯಯವೇ...’ ಮುಂದೆ ಕನ್ನಡಕದಕ್ಕ ತಲೆ ತಗ್ಗಿಸಿ ಕೂತಿದ್ದಳು. ಕಾಗದ ಮಡಿಸಿದೆ.

“ಹಾಲು ನಮ್ದಲ್ಲ. ಮೊಟ್ಟೆನೂ ನಮ್ದಲ್ಲ. ಪಕ್ಕದ ಮನೇದು. ನಾಚಿಕೆಗೆ ಸಾಕು ಅಂದೆ. ಸಾಕಾಗಲ್ಲ.”

ಮೈಕ್ ಆಫ್. ಮೇಸ್ತ್ರಿ ಓಡಿ ಬಂದ. ಅಷ್ಟರಲ್ಲಿ ಮೂರನೇ ನಂಬರಿನವಳು ಎದ್ದಳು. “ನಮ್ಮನೇಲೂ ಹಂಗೇ. ತಂಗಿ ಮನೆಯಿಂದ ತಂದಿದ್ದೆ.” ಹನ್ನೊಂದನೆಯವಳೂ ಎದ್ದಳು. ಆಮೇಲೆ ಏನೇನಾಯಿತೋ... ಸಭೆ ಮುಗಿಯಿತು ಅಂತ ಮ್ಯಾನೇಜರ್ ಕೂಗಿದ್ದು ಮಾತ್ರ ನೆನಪಿದೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅತ್ತೆಯ ಕಿವಿಗೆ ಬಿದ್ದಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ.

ಏಪ್ರಿಲ್ 21, ಸೋಮವಾರ

ನನ್ನನ್ನು ಹತ್ತಿ ಜಾಡಿಸುವ ಕೋಣೆಗೆ ಹಾಕಿದ್ದಾರೆ. ಧೂಳು. ಮೂಗಿಗೆ ಬಟ್ಟೆ ಕಟ್ಟಿದರೂ ಕೆಮ್ಮಿದರೆ ಬಿಳಿ. ಯಾಕೆ ಅಂತ ಕೇಳಿದ್ದಕ್ಕೆ ಮೇಸ್ತ್ರಿ ಭುಜ ಹಾರಿಸಿದ.

ಗೇಟಿನ ಹೊರಗೆ ಮೇಡಂ ಕಾದಿದ್ದರು.

“ಮೂರು ಮನೆ ಮತ್ತೆ ತೂಗೋಕೆ ಒಂದೇ ದಿನ ಕೊಟ್ಟಿದ್ದಾರೆ ಅಕ್ಕ. ಹೊಸ ಲೆಕ್ಕ ಒಪ್ತಾರೆ ಅಂತ ಮಾತು ಕೊಡಲಾರೆ. ಬರ್ಲಾ?”

ಬನ್ನಿ ಅಂದೆ. ಬಾಗಿಲು ತೆಗೆಯುವವರು ಅತ್ತೆ. ಅದನ್ನು ಹೇಳಲಿಲ್ಲ.

ಏಪ್ರಿಲ್ 24, ಗುರುವಾರ. ಬೆಳಗ್ಗೆ 7.30

ಶಿಫ್ಟಿಗೆ ಹೊತ್ತಾಯಿತು. ಆದರೂ ಬರೆಯುತ್ತೇನೆ.

ಆರೂವರೆಗೆ ಮೇಡಂ ಬಂದರು. ಅತ್ತೆಯೇ ಬಾಗಿಲು ತೆಗೆದರು. ಡಬ್ಬಗಳನ್ನು ಒಂದೊಂದಾಗಿ ತಂದು ಇಟ್ಟರು, ಮುಚ್ಚಳ ತೆಗೆದೇ. ತೂಗುವುದು ಬೇಗ ಮುಗಿಯಿತು. ಈ ಸಲ ಒಬ್ಬೊಬ್ಬರ ಪಾಲನ್ನೂ ಬೇರೆ ಬರೆಯಬೇಕಂತೆ. ಇವರದು, ನನ್ನದು, ಪುಟ್ಟಿಯದು ಆಯಿತು.

“ಬೆಳಗ್ಗೆ ನೀವೇನು ತಿಂತೀರಿ ಅಜ್ಜಿ?”

“ಟೀ.”

“ಅದರ ಜೊತೆಗೆ?”

“ಟೀ ಅಂದ್ನಲ್ಲ.”

“ಎಷ್ಟು ದಿನದಿಂದ?”

ಅತ್ತೆ ಐದು ದಿನದ ಮೇಲೆ ನನ್ನ ಮುಖ ನೋಡಿದರು. “ಪುಟ್ಟಿ ಶಾಲೆಗೆ ಸೇರಿದಾಗಿಂದ. ಬರ್ಕೋ. ಇವಳಿಗೆ ಗೊತ್ತಿಲ್ಲ.”

ಪುಟ್ಟಿಗೆ ಈಗ ಮೂರನೇ ಕ್ಲಾಸು. ದಿನಾ ಸಂಜೆ ಬಂದು ಬೆಳಗ್ಗೆ ತಿಂದಿರಾ ಅಂತ ಕೇಳುತ್ತೇನೆ. ದಿನಾ ಹೂಂ ಅನ್ನುತ್ತಾರೆ. ಪಾತ್ರೆ ತೊಳೆಯುವವಳು ನಾನು. ತಟ್ಟೆ ಎಷ್ಟಿರುತ್ತಿದ್ದವು ಅಂತ ನಾನೇ ಒಂದು ದಿನವಾದರೂ ಎಣಿಸಿದ್ದರೆ —