ಶಕ್ತಿ ಮಾತ್ರೆ ಅಲ್ಲ

ಅಣ್ಣಾ,

ಹಾಲು ಕಾಯಿಸಿಟ್ಟಿದ್ದೀನಿ. ಅಪ್ಪ ಎದ್ದ ಮೇಲೆ ಬಿಸಿ ಮಾಡಿ ಕೊಡು. ಮಾತ್ರೆ ಕೊಡುವಾಗ ಮಾತ್ರ ಇನ್ನೊಂದು ಸಲ "ಶಕ್ತಿಗೆ" ಅನ್ನಬೇಡ.

ಬರಿಮೈಲಿ ಪೂಜೆಗೆ ಕೂರುತ್ತಿದ್ದವರು ಈಗ ಕತ್ತಿನವರೆಗೂ ಶಲ್ಯ ಸುತ್ತಿಕೊಳ್ಳುತ್ತಾರೆ, ನೋಡಿದೆಯಾ? ನಿನ್ನೆ ನನ್ನನ್ನು ದೇವರ ಮನೆಗೆ ಕರೆದು, "ವಾರಿಜಾ, ನನ್ನ ಎದೆ ಯಾಕಮ್ಮ ಹೆಂಗಸರ ಹಾಗೆ ಊದ್ತಿದೆ? ಯಾವ ಪಾಪದ ಫಲಾನೋ" ಅಂದರು. ಪಾಪವಂತೆ! ಊದಿಸ್ತಿರೋದು ಆ ಮಾತ್ರೆ. ಅದು ಹೆಣ್ಣಿನ ಹಾರ್ಮೋನು, ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯದಂತೆ ತಡೆಯೋಕೆ ಕೊಡೋ ಔಷಧಿ ಅಂತ ನಿನಗೂ ಗೊತ್ತು, ಡಾಕ್ಟರಿಗೂ ಗೊತ್ತು. ಅಪ್ಪನೆದುರೇ ಇಂಗ್ಲಿಷಿನಲ್ಲಿ ಮಾತಾಡಿ ಮುಗಿಸಿದಿರಿ.

ಈಗ ಕ್ಯಾನ್ಸರ್ ಬೆನ್ನುಮೂಳೆಗೆ ಹೋಗಿದೆ. ಅವರು ನರಳೋದು ನಿನಗೂ ಕೇಳಿಸುತ್ತೆ. ಇನ್ನು ಮಾತ್ರೆ ಸಾಲದು, ಆ ರೋಗಕ್ಕೆ ಮೇವಾಗೋ ಗಂಡು ಹಾರ್ಮೋನು ನಿಲ್ಲೋಕೆ ಬೀಜ ಎರಡೂ ತೆಗೆಯಬೇಕು ಅಂತ ಡಾಕ್ಟರು ಹೇಳಿದರೆ, ನೀನು ಅಪ್ಪನಿಗೆ "ಸಣ್ಣ ಹರ್ನಿಯಾ" ಅಂದಿದ್ದೀಯ. ನಾಳೆಯೇ ಆಪರೇಷನ್.

ರೋಗಿಗೆ ರೋಗದ ಹೆಸರು ಹೇಳಬಾರದು, ಗಂಡುಮಕ್ಕಳು ಕೂತು ತೀರ್ಮಾನ ಮಾಡಬೇಕು ಅನ್ನೋದು ಯಾವ ನ್ಯಾಯ? ಮೈ ಅವರದು. ಬೇಡ ಅನ್ನೋ ಹಕ್ಕೂ ಅವರದೇ. ಹೆಣ್ಣುಮಗಳು ಇದನ್ನೆಲ್ಲ ಬರೀಬಾರದು ಅಂತ ಕೂಗಾಡ್ತೀಯ. ಕೂಗಾಡು.

ಹನುಮಂತನಗರದಿಂದ ಅತ್ತೇನ ಕರ್ಕೊಂಡು ಸಂಜೆ ಬರ್ತೀನಿ. ಅಷ್ಟರಲ್ಲಿ ಅಪ್ಪನ ಪಕ್ಕದಲ್ಲಿ ಕೂತು ಹೇಳು. ನಿನಗೂ ಭಯ ಅಂತ ನನಗೆ ಗೊತ್ತು, ಅವರ ಕೈ ಹಿಡ್ಕೊಂಡು ಹೇಳು. ನೀನು ಹೇಳದಿದ್ದರೆ ನಾನು ಹೇಳ್ತೀನಿ. ನಾಳೆ ಅರಿವಳಿಕೆಯ ಮತ್ತಿಳಿದ ಮೇಲೆ ಅವರೇ ಕೈಯಿಂದ ತಡವಿಕೊಂಡು ತಿಳಿಯೋದು ಬೇಡ.

ವಾರಿಜಾ